ಶಬ್ದ ಉಂಟು, ಮಾತು ಇಲ್ಲ



ಮನೆಗೆ ಹೊಸ ವಸ್ತುವೊಂದು ಬಂದರೆ ಅದನ್ನು ಎಲ್ಲಿಟ್ಟರೆ ಚಂದ ಕಾಣುತ್ತದೆ ಎಂದು ನಾವು ಮೊದಲು ನೋಡುತ್ತೇವೆ. ಎಲ್ಲಿಟ್ಟರೆ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಯೋಚನೆ ಆಮೇಲೆ ಬರುತ್ತದೆ. ನಾನೂ ಹಾಗೆಯೇ ಮಾಡಿದವಳು. ಅದರಿಂದ ನಮ್ಮ ಮನೆಯಲ್ಲಿ ಒಬ್ಬ ಹಿರಿಯರ ಮನಸ್ಸಿಗೆ ನೋವಾಯಿತು, ಪಕ್ಕದ ಮನೆಯ ಸ್ನೇಹ ಕೆಡುವ ಹಂತಕ್ಕೆ ಬಂತು. ಆದ್ದರಿಂದ ಈ ತಿಂಗಳು ಅದೇ ವಿಷಯ ಬರೆಯುತ್ತಿದ್ದೇನೆ.

ನನ್ನ ಮೈದುನ ಗಲ್ಫ್‌ನಿಂದ ರಜೆಗೆ ಬಂದಾಗ ತಂದೆಗೆಂದು ಒಂದು ಜೋಡಿ ಸ್ಪೀಕರ್ ತಂದರು. ನನ್ನ ಮಾವನಿಗೆ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಅಸರ್ ನಮಾಝಿನ ನಂತರ ಕಿರಾಅತ್ ಮತ್ತು ಪ್ರವಚನ ಕೇಳುವುದು ಅವರ ದಿನದ ದೊಡ್ಡ ಸಂತೋಷ. ನಾವು ಎರಡೂ ಸ್ಪೀಕರ್‌ಗಳನ್ನು ಹಾಲ್‌ನ ಎರಡು ಮೂಲೆಗಳಿಗೆ, ಶೋಕೇಸಿನ ಆಚೀಚೆ, ಗೋಡೆಗೆ ಒತ್ತಿ ಇಟ್ಟೆವು. ಎದುರಿನ ಗೋಡೆಗೆ ಸೋಫಾ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಮೊದಲ ದಿನವೇ ಮಾವ ಹೇಳಿದರು, “ಶಬ್ದ ಉಂಟು, ಮಾತು ಇಲ್ಲ.” ಕೇಳುವುದಿಲ್ಲವಲ್ಲ ಎಂದು ನಾವು ವಾಲ್ಯೂಮ್ ಹೆಚ್ಚಿಸಿದೆವು. ಮರುದಿನ ಇನ್ನೂ ಹೆಚ್ಚಿಸಿದೆವು. ನಾಲ್ಕನೆಯ ದಿನ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಇಪ್ಪತ್ತು ದಿನವೂ ಆಗಿರಲಿಲ್ಲ. “ಟೀಚರ್, ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಏನು ಹಾಕುತ್ತೀರೆಂದು ನಮಗೆ ಒಂದಕ್ಷರ ಕೇಳುವುದಿಲ್ಲ. ಬರೀ ಗುಂ ಗುಂ ಅಂತ ಗೋಡೆ ನಡುಗಿದ ಹಾಗೆ ಆಗುತ್ತದೆ. ಮಗು ಬೆಚ್ಚಿ ಏಳುತ್ತದೆ” ಎಂದರು.

ಅದನ್ನು ಕೇಳಿಸಿಕೊಂಡ ಮಾವ ಸ್ವತಃ ಎದ್ದು ಸ್ವಿಚ್ ಆರಿಸಿದರು. ಮತ್ತೆ ಒಂದು ವಾರ ಅದನ್ನು ಮುಟ್ಟಲಿಲ್ಲ. ಯಾರನ್ನೂ ದೂರಲಿಲ್ಲ, ಸುಮ್ಮನೆ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಆ ಮೌನ ನನಗೆ ತಡೆಯಲಾಗಲಿಲ್ಲ.

ಆಗ ಒಂದು ಮಾತು ಹೊಳೆಯಿತು. ಮಾವನ ದೂರು ಮತ್ತು ಪಕ್ಕದ ಮನೆಯ ಅಕ್ಕನ ದೂರು ಒಂದೇ ಅಲ್ಲವೇ? ಇಬ್ಬರಿಗೂ ಶಬ್ದ ಕೇಳುತ್ತಿತ್ತು, ಇಬ್ಬರಿಗೂ ಮಾತು ಕೇಳುತ್ತಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿಯನ್ನು ವಿಚಾರಿಸಿ, ಕೆಲವು ಪುಸ್ತಕ ಓದಿ ನಾನು ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸ್ವರ ಕೇಳುತ್ತದೆ. ಹರ್ಟ್ಸ್ ಎಂದರೆ ಗಾಳಿ ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಇದರಲ್ಲಿ ತಗ್ಗಿನ ದಪ್ಪ ಸ್ವರಕ್ಕೆ ಬೇಸ್ ಎನ್ನುತ್ತಾರೆ. ಮಾತನ್ನು ಮಾತಾಗಿ ತಿಳಿಸುವ ‘ಸ’, ‘ಶ’, ‘ತ’ದಂತಹ ಅಕ್ಷರಗಳ ಗುರುತು ಮೇಲಿನ ಸ್ವರಗಳಲ್ಲಿದೆ. ವಯಸ್ಸಾದಂತೆ ಮೊದಲು ಕುಗ್ಗುವುದು ಈ ಮೇಲಿನ ಸ್ವರ ಕೇಳುವ ಶಕ್ತಿ. ಅಲ್ಲದೆ ಬೇಸ್ ಅತಿಯಾದರೆ ಅದು ಮೇಲಿನ ಸ್ವರವನ್ನು ಮುಚ್ಚಿ ಹಾಕುತ್ತದೆ. ಹಾಗಾಗಿ ವಾಲ್ಯೂಮ್ ಹೆಚ್ಚಿಸಿದಾಗ ನಾವು ಮಾವನಿಗೆ ಮಾತನ್ನು ಕೊಟ್ಟಿರಲಿಲ್ಲ, ಮಾತನ್ನು ಮುಚ್ಚುವ ಗುಡುಗನ್ನೂ ಜೊತೆಗೆ ಹೆಚ್ಚಿಸಿದ್ದೆವು.

ಈ ಗುಡುಗು ಎಲ್ಲಿಂದ ಬಂತು? ಸ್ಪೀಕರ್ ಕೆಟ್ಟದ್ದೆಂದು ಮೈದುನನನ್ನು ಬಯ್ಯುವಂತಿರಲಿಲ್ಲ. ಅರ್ಧ ಗುಡುಗು ನಮ್ಮ ಕೋಣೆಯದ್ದೇ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಚಲಿಸುತ್ತದೆ, ನಮ್ಮ ಸೆಖೆಯ ಊರಿನಲ್ಲಿ ಸ್ವಲ್ಪ ಹೆಚ್ಚೇ. 4,000 ಹರ್ಟ್ಸ್‌ನ ಸ್ವರದ ಒಂದು ಅಲೆ ಸುಮಾರು ಮೂರೂವರೆ ಇಂಚು ಮಾತ್ರ. ಆದರೆ 50 ಹರ್ಟ್ಸ್‌ನ ಬೇಸ್ ಅಲೆ ಇಪ್ಪತ್ತೆರಡು ಅಡಿಗಿಂತ ಉದ್ದ. ನಮ್ಮ ಹಾಲ್‌ಗಿಂತಲೂ ದೊಡ್ಡದು! ಅದು ಗೋಡೆಗೆ ಬಡಿದು ಹಿಂದೆ ಬಂದು, ಮತ್ತೆ ಬಡಿದು, ಕೋಣೆಯ ಅಳತೆಗೆ ಹೊಂದುವ ಕೆಲವು ಸ್ವರಗಳನ್ನು ಉಬ್ಬಿಸಿಬಿಡುತ್ತದೆ.

ನಿಮ್ಮ ಕೋಣೆಯಲ್ಲಿ ಯಾವ ಸ್ವರ ಉಬ್ಬುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. 565ನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿ. ನಮ್ಮ ಹಾಲ್ 14 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಉದ್ದಕ್ಕೆ ಸುಮಾರು 40 ಹರ್ಟ್ಸ್ ಬಂತು. ಅಗಲಕ್ಕೂ ಎತ್ತರಕ್ಕೂ ಸುಮಾರು 56 ಬಂತು. ಎರಡು ಅಳತೆ ಒಂದೇ ಆದದ್ದರಿಂದ ಆ ಒಂದು ಸ್ವರಕ್ಕೆ ಎರಡು ಕಡೆಯಿಂದ ಬಲ ಸಿಕ್ಕಿತ್ತು. ಚೌಕಾಕಾರದ ಕೋಣೆಗಳಲ್ಲಿ ಗುಂ ಗುಂ ಹೆಚ್ಚಾಗಲು ಇದೇ ಕಾರಣ. ಹೆಂಚಿನ ಮಾಡಿನ ಹಳೆಯ ಮನೆಗಳಲ್ಲಿ ಈ ಬೇಸ್ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಕಾಂಕ್ರೀಟಿನ ಟೆರೇಸ್ ಮನೆಯಲ್ಲಿ ಅದು ಸುಲಭವಾಗಿ ಹೊರಹೋಗದೆ ಒಳಗೇ ಸುತ್ತುತ್ತದೆ.

ಇನ್ನೊಂದು ತಪ್ಪು ನಮ್ಮ ಕೈಯಿಂದ ಆದದ್ದು. ಸ್ಪೀಕರನ್ನು ಗೋಡೆಗೆ ಹತ್ತಿರ ಇಟ್ಟರೆ ಬೇಸ್ ಏರುತ್ತದೆ. ಮೂಲೆಯಲ್ಲಿಟ್ಟರೆ ಇನ್ನೂ ಏರುತ್ತದೆ, ಯಾಕೆಂದರೆ ಅಲ್ಲಿ ಎರಡು ಗೋಡೆ ಮತ್ತು ನೆಲ ಸೇರಿ ಅದನ್ನು ಮುಂದಕ್ಕೆ ತಳ್ಳುತ್ತವೆ. ಗೋಡೆಗೆ ತಾಗಿ ಕುಳಿತವರಿಗೂ ಹಾಗೆಯೇ, ಉಬ್ಬಿದ ಬೇಸ್ ಅತಿ ಜೋರಾಗಿರುವುದು ಗೋಡೆಯ ಬಳಿಯಲ್ಲೇ. ನಾವು ಸ್ಪೀಕರನ್ನು ಮೂಲೆಗಿಟ್ಟು, ಮಾವನನ್ನು ಎದುರು ಗೋಡೆಗೆ ಕೂರಿಸಿದ್ದೆವು. ಸಾಲದ್ದಕ್ಕೆ ಸ್ಪೀಕರ್ ಇದ್ದದ್ದು ಪಕ್ಕದ ಮನೆಗೂ ನಮಗೂ ನಡುವಿನ ಗೋಡೆಯಲ್ಲಿ!

ಸಹೋದರಿಯರೇ, ಇನ್ನು ನಾವು ಮಾಡಿದ್ದನ್ನು ಕೇಳಿ. ಇದಕ್ಕೆ ಹಣ ಬೇಕಾಗಲಿಲ್ಲ, ಒಂದು ಭಾನುವಾರದ ಬೆಳಗ್ಗೆ ಸಾಕಾಯಿತು.

ಮೊದಲು ಸ್ಪೀಕರ್‌ಗಳನ್ನು ಪಕ್ಕದ ಮನೆಯ ಗೋಡೆಯಿಂದ ತೆಗೆದು ನಮ್ಮದೇ ಅಂಗಳದ ಕಡೆಯ ಗೋಡೆಗೆ ತಂದೆವು. ಮೂಲೆಯಿಂದ ಬಿಡಿಸಿ, ಹಿಂದಿನ ಗೋಡೆಯಿಂದ ಎರಡು ಅಡಿ, ಪಕ್ಕದ ಗೋಡೆಯಿಂದ ಮೂರು ಅಡಿ ಬಿಟ್ಟೆವು. ಎರಡೂ ಅಂತರ ಒಂದೇ ಆಗಬಾರದು, ಆದರೆ ಒಂದೇ ಸ್ವರದಲ್ಲಿ ಎರಡು ಗೋಡೆಗಳ ದೋಷ ಕೂಡಿಕೊಳ್ಳುತ್ತದೆ.

ಎರಡನೆಯದು ಕುಳಿತುಕೊಳ್ಳುವ ಜಾಗ. ಎರಡು ಸ್ಪೀಕರ್ ಮತ್ತು ಕೇಳುವವರ ತಲೆ, ಈ ಮೂರೂ ಸಮಭುಜ ತ್ರಿಕೋನವಾಗಬೇಕು. ಸ್ಪೀಕರ್‌ಗಳ ನಡುವೆ ಆರು ಅಡಿ ಇದ್ದರೆ, ಪ್ರತಿಯೊಂದರಿಂದ ತಲೆಗೂ ಸುಮಾರು ಆರು ಅಡಿ. ಮುಖ ಸ್ವಲ್ಪ ಒಳಕ್ಕೆ, ಕೇಳುವವರ ಕಡೆಗೆ ತಿರುಗಿರಲಿ. ಮೇಲಿನ ಸ್ವರ ಬರುವ ಸಣ್ಣ ಟ್ವೀಟರ್ ಕುಳಿತವರ ಕಿವಿಯ ಮಟ್ಟದಲ್ಲಿರಲಿ. ನಮ್ಮಲ್ಲಿ ಅದು ಮಾವನ ಮೊಣಕಾಲಿನ ಮಟ್ಟದಲ್ಲಿತ್ತು! ಗಟ್ಟಿಯಾದ ಎರಡು ಸ್ಟೂಲ್ ಹಾಕಿ ಎತ್ತರಿಸಿದೆವು. ಪುಟ್ಟ ಮಕ್ಕಳಿರುವ ಮನೆಯವರು ಅದು ಅಲುಗದಂತೆ, ಮಕ್ಕಳು ವೈರ್ ಎಳೆಯದಂತೆ ನೋಡಿಕೊಳ್ಳಿ. ಮಾವನ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ತಂದೆವು. ಆದರೆ ಕೋಣೆಯ ನಟ್ಟನಡುವೆ ಇಡಲಿಲ್ಲ, ಅಲ್ಲಿ ಕೆಲವು ಬೇಸ್ ಸ್ವರ ಪೂರ್ತಿ ಮಾಯವಾಗುತ್ತದೆ. ನಡುವಿನಿಂದ ಸ್ವಲ್ಪ ಹಿಂದೆ ಅಥವಾ ಸ್ವಲ್ಪ ಮುಂದೆ ಒಳ್ಳೆಯದು.

ಮೂರನೆಯದು ವೈರ್. ಪ್ರತಿ ಸ್ಪೀಕರಿನ ಹಿಂದೆ ಕೆಂಪು ಮತ್ತು ಕಪ್ಪು ಕೊಂಡಿ ಇರುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು. ಒಂದರಲ್ಲಿ ಮಾತ್ರ ತಿರುಗುಮುರುಗಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಆಗ ಬೇಸ್ ಸೊರಗುತ್ತದೆ, ಮಾತು ನಡುವಿನಿಂದ ಬರುವ ಬದಲು ಎಲ್ಲಿಂದಲೋ ಬಂದ ಹಾಗೆ ಕೇಳುತ್ತದೆ.

ನಾಲ್ಕನೆಯದು ಸ್ಪೀಕರಿನ ಹಿಂದಿನ ತೂತು. ಕೆಲವು ಸ್ಪೀಕರ್‌ಗಳಲ್ಲಿ ಬೇಸ್ ಹೆಚ್ಚಿಸಲು ಹಿಂದೆ ಒಂದು ದುಂಡು ತೂತು ಇಟ್ಟಿರುತ್ತಾರೆ. ಚಿಕ್ಕ ಕೋಣೆಯಲ್ಲಿ ಅದೇ ಕಾಟ. ಸುತ್ತಿದ ಒಂದು ಕಾಲುಚೀಲವನ್ನು ಅದಕ್ಕೆ ತುರುಕಿ ನೋಡಿ, ಗುಡುಗು ಕಡಿಮೆಯಾಗುತ್ತದೆ. ತೀರಾ ಒಳಕ್ಕೆ ತಳ್ಳಬೇಡಿ, ತೆಗೆಯಲು ಬರಬೇಕು. ಬೇಸ್ ಗುಂಡಿ ಇದ್ದರೆ ಅದನ್ನೂ ತಗ್ಗಿಸಿ.

ಇನ್ನು ಗೋಡೆಗೆ ಏನು ಹಾಕಬೇಕು? ಮೊಟ್ಟೆಯ ಟ್ರೇ ಅಂಟಿಸಿದರೆ ಸಾಕು ಎನ್ನುವವರಿದ್ದಾರೆ. ಬೇಸ್‌ಗೆ ಅದು ಯಾವ ಪ್ರಯೋಜನಕ್ಕೂ ಇಲ್ಲ. ತೆಳು ಪರದೆ, ಜಮಖಾನ, ಒಂದಿಂಚಿನ ಸ್ಪಂಜು ಇವೆಲ್ಲ ಮೇಲಿನ ಸ್ವರವನ್ನು ಮಾತ್ರ ಹೀರುತ್ತವೆ. ಇಪ್ಪತ್ತೆರಡು ಅಡಿಯ ಅಲೆಗೆ ಒಂದಿಂಚಿನ ಸ್ಪಂಜು ಯಾವ ಲೆಕ್ಕ? ಬೇಸ್‌ಗೆ ದಪ್ಪ ಬೇಕು. ನಮ್ಮ ಅಟ್ಟದಲ್ಲಿದ್ದ ಎರಡು ಹಳೆಯ ಹತ್ತಿ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಸುರುಳಿ ಸುತ್ತಿ, ಒಳ್ಳೆಯ ಬಟ್ಟೆ ಹೊದಿಸಿ ಎರಡು ಮೂಲೆಗಳಲ್ಲಿ ನಿಲ್ಲಿಸಿದೆವು. ಅತಿ ತಗ್ಗಿನ ಸ್ವರ ಅದರಿಂದಲೂ ಪೂರ್ತಿ ಹೋಗುವುದಿಲ್ಲ, ಆದರೆ ಅದಕ್ಕಿಂತ ಮೇಲಿನ ಗದ್ದಲ ಇಳಿಯುತ್ತದೆ.

ಹಾಸಿಗೆ ಎಂದರೆ ನಗಬೇಡಿ. ಕೋಣೆಯ ಶಬ್ದದ ಶಾಸ್ತ್ರವೇ ಶುರುವಾದದ್ದು ಕುಶನ್‌ಗಳಿಂದ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಉಪನ್ಯಾಸಕರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಶಬ್ದ ಐದೂವರೆ ಸೆಕೆಂಡ್ ಅಲ್ಲೇ ಸುಳಿಯುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ಯುವ ಪ್ರಾಧ್ಯಾಪಕರಿಗೆ ಇದನ್ನು ಸರಿಪಡಿಸುವ ಕೆಲಸ ಬಂತು. ಅವರು ರಾತ್ರಿಯ ಹೊತ್ತು ಇನ್ನೊಂದು ಸಭಾಂಗಣದಿಂದ ಕುಶನ್‌ಗಳನ್ನು ಹೊತ್ತು ತಂದು, ಎಷ್ಟು ಕುಶನ್‌ಗೆ ಎಷ್ಟು ಮೊಳಗು ಇಳಿಯಿತೆಂದು ಅಳೆದರು. ಆ ಲೆಕ್ಕದ ಮೇಲೆಯೇ 1900ರಲ್ಲಿ ಬೋಸ್ಟನ್ನಿನ ಸಿಂಫನಿ ಹಾಲ್ ತಯಾರಾಯಿತು. ಮೊಳಗು ಎಂದರೇನೆಂದು ತಿಳಿಯಲು ನಾವು ಅಷ್ಟು ದೂರ ಹೋಗಬೇಕಿಲ್ಲ. ವಿಜಾಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋದವರು ನೆನಪಿಸಿಕೊಳ್ಳಿ. ಅಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳಿ ಬರುವುದು ಮಕ್ಕಳಿಗೆ ಖುಷಿ. ಆದರೆ ಹತ್ತು ಜನ ಕೂಗುವಾಗ ಒಬ್ಬರ ಮಾತೂ ತಿಳಿಯುವುದಿಲ್ಲ.

ಮುಖ್ಯವಾದ ಇನ್ನೊಂದು ಮಾತು. ಹಾಸಿಗೆ, ಪರದೆಗಳು ನಮ್ಮ ಕೋಣೆಯ ಒಳಗಿನ ಶಬ್ದವನ್ನು ತಿದ್ದುತ್ತವೆಯೇ ಹೊರತು ಗೋಡೆ ದಾಟಿ ಹೋಗುವ ಬೇಸನ್ನು ತಡೆಯುವುದಿಲ್ಲ. ನೆರೆಯವರಿಗೆ ನೆಮ್ಮದಿ ಬೇಕಾದರೆ ಬೇಸನ್ನೇ ಕಡಿಮೆ ಮಾಡಬೇಕು. ನಮ್ಮ ದೇಶದಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆದರೆ ಅಲ್ಲಿ ಬಳಸುವ ಅಳತೆ ತಗ್ಗಿನ ಸ್ವರವನ್ನು ಬಹಳ ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ. ಮೀಟರಿನ ಮುಳ್ಳು ಸುಮ್ಮನಿರಬಹುದು, ಗೋಡೆಯಾಚೆ ಮಲಗಿದವರ ಎದೆ ಸುಮ್ಮನಿರುವುದಿಲ್ಲ. ಆದ್ದರಿಂದ ಕಾನೂನಿನ ಮಿತಿಯಲ್ಲಿದ್ದೇವೆ ಎಂದು ಸಮಾಧಾನ ಪಡದೆ, ಒಮ್ಮೆ ಪಕ್ಕದ ಮನೆಗೆ ಹೋಗಿ ನಿಂತು ನಾವೇ ಕೇಳಬೇಕು.

ನಾನು ಹಾಗೆಯೇ ಮಾಡಿದೆ. ಮಗನನ್ನು ಸ್ಪೀಕರಿನ ಬಳಿ ಕೂರಿಸಿ, ನಾನು ಅಕ್ಕನ ಮನೆಯ ಬಾಣಂತಿ ಕೋಣೆಯಲ್ಲಿ ನಿಂತೆ. ಫೋನಿನಲ್ಲಿ ‘ಸ್ವಲ್ಪ ಇಳಿಸು, ಇನ್ನೂ ಸ್ವಲ್ಪ’ ಎಂದು ಹೇಳುತ್ತಾ ಬಂದೆ. ಏನೂ ಕೇಳದ ಹಂತ ಬಂದಾಗ ಆ ಗುಂಡಿಗೆ ಪೆನ್ನಿನಿಂದ ಗುರುತು ಹಾಕಿಸಿದೆ. ಅದು ಮೊದಲಿನ ಅರ್ಧಕ್ಕಿಂತಲೂ ಕೆಳಗಿತ್ತು. ಇಷ್ಟರಲ್ಲಿ ಮಾವನಿಗೆ ಏನು ಕೇಳೀತು ಎಂಬ ಅಂಜಿಕೆಯಿಂದಲೇ ಮನೆಗೆ ಬಂದೆ.

ಮಾವ ಕಣ್ಣು ಮುಚ್ಚಿ ಕುಳಿತಿದ್ದರು. ತುಟಿ ಅಲುಗುತ್ತಿತ್ತು. ಕಿರಾಅತಿನ ಜೊತೆಗೆ ಅವರೂ ಓದುತ್ತಿದ್ದರು, ಒಂದಕ್ಷರ ಹಿಂದೆ ಬೀಳದೆ. ನಾನು ಏನೂ ಕೇಳಬೇಕಾಗಲಿಲ್ಲ.

ಹತ್ತು ದಿನ ಕಳೆದು ಪಕ್ಕದ ಮನೆಯ ಅಕ್ಕ ಬೇಲಿಯ ಬಳಿ ಸಿಕ್ಕಿದರು. “ಅಜ್ಜ ಈಗ ಹಾಕುವುದೇ ಇಲ್ಲವಾ ಟೀಚರ್? ನಾನು ಹೇಳಿದ್ದು ಅವರಿಗೆ ಬೇಸರವಾಯಿತೋ ಏನೋ” ಎಂದು ಮುಖ ಸಣ್ಣದು ಮಾಡಿದರು. “ದಿನಾ ಹಾಕುತ್ತಾರೆ ಅಕ್ಕ” ಎಂದೆ. ಅವರು ನಂಬಲಿಲ್ಲ. ಕರೆದುಕೊಂಡು ಹೋಗಿ ಮಾವನ ಪಕ್ಕದಲ್ಲಿ ಕೂರಿಸಿ, ಚಹಾ ಕೊಟ್ಟೆ.

ಸಹೋದರಿಯರೇ, ಮನೆಯಲ್ಲಿ ಹಿರಿಯರು ‘ಕೇಳುವುದಿಲ್ಲ’ ಎಂದಾಗ ನಮ್ಮ ಕೈ ಮೊದಲು ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಮುಂದಿನ ಸಲ ಅದಕ್ಕೆ ಮೊದಲು ಒಮ್ಮೆ ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆ ಎಳೆದು ನೋಡಿ. ಅವರ ಕುರ್ಚಿಯನ್ನೂ ಗೋಡೆಯಿಂದ ಮುಂದಕ್ಕೆ ತನ್ನಿ. ನಿಮ್ಮ ಮನೆಯಲ್ಲಿ ಏನಾಯಿತೆಂದು ಪತ್ರ ಬರೆಯುವಿರಲ್ಲ?