ಹಚ್ಚಂಬಲಿ ಕಲಿಸಿ, ಮುಳುಗಡೆಯನ್ನೂ ಹೇಳಿ

ನಮ್ಮ ಅಜ್ಜಿ ಹುಟ್ಟಿದ ಊರು, ಸೊಸೆಯಾಗಿ ಬಂದ ಊರು ಎರಡೂ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿವೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಮನೆಗಳನ್ನು ಖಾಲಿ ಮಾಡಿಸಿ, ಜನರನ್ನು ಲಾರಿ ಹತ್ತಿಸಿ, ಶಿವಮೊಗ್ಗ ಸೀಮೆಯ ಕಾಡುಗಳಲ್ಲಿ ಇಳಿಸಿದರು. ಹಿರೇಭಾಸ್ಕರ ಅಣೆಕಟ್ಟಿನ ಕಾಲದಲ್ಲೇ ಒಮ್ಮೆ ಜಾಗ ಬಿಟ್ಟಿದ್ದ ಕೆಲವು ಕುಟುಂಬಗಳು ಎರಡನೇ ಸಲ ಗಂಟುಮೂಟೆ ಕಟ್ಟಿದ್ದವು. ‘ನಿಮ್ಮ ಮೂಲ ಊರು ಯಾವುದು’ ಎಂದು ಶಾಲೆಯಲ್ಲಿ ಕೇಳಿದರೆ ನಮ್ಮ ಮಕ್ಕಳಿಗೆ ಹೋಗಿ ನೋಡಿ ಬರಲು ಜಾಗವಿಲ್ಲ. ಅವರಿಗೆ ಮೂಲ ಸಿಗುವುದು ಅಡುಗೆಮನೆಯಲ್ಲಿ, ಅದೂ ಭೂಮಿ ಹುಣ್ಣಿಮೆಯ ರಾತ್ರಿ.

ಮಲೆನಾಡಿನ ದೀವರ ಮನೆಗಳಿಗೆ ಇದು ದೊಡ್ಡ ಹಬ್ಬ. ಶೀಗಿ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ಭೂಮಣ್ಣಿ ಬುಟ್ಟಿಯನ್ನು ತಲೆ ಮೇಲೆ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಒಂದು ಕಡುಬನ್ನು ಗದ್ದೆಯಲ್ಲೇ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ.

ಈ ಬುಟ್ಟಿಯ ಕೆಲಸ ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಬೇಕು. ನೆನೆಹಾಕಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ. ಪುಂಡಿ ನಾರೇ ಕುಂಚ. ನಮ್ಮಮ್ಮ ಎಳೆ ಎಳೆಯುವಾಗ ಮಾತಾಡುವುದಿಲ್ಲ. ನಾರನ್ನು ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಬುಟ್ಟಿಯನ್ನೇ ಮೆಲ್ಲಗೆ ತಿರುಗಿಸುತ್ತಾಳೆ, ಕೈ ಅಲ್ಲಾಡುವುದಿಲ್ಲ. ಒಂದರ ಪಕ್ಕ ಒಂದು ಭತ್ತದ ಸಸಿ ಮೂಡುತ್ತವೆ. ಹಿಟ್ಟು ಹಸಿಯಾಗಿದ್ದಾಗ ಎಳೆ ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಮಗಳು ಕಾದು ಕೂತು ನೋಡುತ್ತಾಳೆ. ಮೊಬೈಲಿನಲ್ಲಿ ನೂರು ಚಿತ್ತಾರ ತೋರಿಸಿದ್ದರೂ ಅವಳಿಗೆ ಈ ಕಾಯುವಿಕೆ ಗೊತ್ತಾಗುತ್ತಿರಲಿಲ್ಲ.

ಹಚ್ಚಂಬಲಿಯಂತೂ ಓದಿ ಕಲಿಯುವ ಅಡುಗೆಯೇ ಅಲ್ಲ. ಬೇಲಿ, ಹಿತ್ತಲು, ಕಾಡಂಚು ಸುತ್ತಿ ತಂದ ಹತ್ತಾರು ಬಗೆಯ ಸೊಪ್ಪನ್ನು ಅಮಟೆಕಾಯಿ ಹಾಕಿ ಬೇಯಿಸುವುದು. ಕೆಸುವಿನ ಸೊಪ್ಪಿಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ, ಎಷ್ಟು ಹುಳಿ ಬೇಕೆಂದು ಹೇಳುವುದು ನಾಲಿಗೆ. ಸೊಪ್ಪು ಬಿಡಿಸುತ್ತಾ ಅಮ್ಮ ಒಂದೊಂದರ ಹೆಸರು ಹೇಳುತ್ತಾಳೆ. ನಡುವೆ, ‘ಇನ್ನೊಂದು ಸೊಪ್ಪಿತ್ತು, ಅದು ಆ ಕಡೆ ಹೊಳೆ ದಂಡೆ ಮೇಲೆ ಮಾತ್ರ ಬರ್ತಿತ್ತು, ಇಲ್ಲಿ ಸಿಕ್ಕಲ್ಲ’ ಅನ್ನುತ್ತಾಳೆ.

ನಾನು ಹೇಳಬೇಕಾದ್ದು ಈ ಮಾತಿನ ಬಗ್ಗೆಯೇ. ಇತ್ತೀಚೆಗೆ ಪಾರಂಪರಿಕ ಅಡುಗೆ ಎಂದರೆ ಎಲ್ಲರಿಗೂ ಪ್ರೀತಿ. ಆಹಾರ ಮೇಳಗಳಲ್ಲಿ ಮಳಿಗೆ ಹಾಕುತ್ತಾರೆ. ಚಿತ್ತಾರದ ಬುಟ್ಟಿ ನಗರದ ಮನೆಗಳ ಹಜಾರ ಸೇರಿದೆ. ಬರೆಯುವ ಹೆಣ್ಣುಮಕ್ಕಳಿಗೆ ಅದರಿಂದ ನಾಲ್ಕು ಕಾಸು ಸಿಗುತ್ತಿರುವುದು ನನಗೆ ಸಂತೋಷವೇ. ಆದರೆ ಮಕ್ಕಳಿಗೆ ರುಚಿಯನ್ನಷ್ಟೇ ದಾಟಿಸಿ, ಆ ಸೊಪ್ಪು ಯಾಕೆ ಸಿಗುವುದಿಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಮನೆತನದ ಕತೆ ಅರ್ಧಕ್ಕೇ ನಿಲ್ಲುತ್ತದೆ. ನಾಡಿನ ಮನೆಗಳಲ್ಲಿ ದೀಪ ಉರಿಯಲೆಂದು ಹೊಳೆ ದಂಡೆಯ ಗದ್ದೆ, ತೋಟ, ದೈವದ ಬನ ಎಲ್ಲ ನೀರಿಗೆ ಹೋದವು. ಅದಕ್ಕೆ ಬದಲಾಗಿ ಸಾಗುವಳಿ ಮಾಡಿಕೊಂಡ ಭೂಮಿಗೆ ಎಷ್ಟೋ ಮುಳುಗಡೆ ಕುಟುಂಬಗಳ ಕೈಗೆ ಇವತ್ತಿಗೂ ಹಕ್ಕುಪತ್ರ ಬಂದಿಲ್ಲ. ಪಹಣಿಯಲ್ಲಿ ತಮ್ಮ ಹೆಸರಿಲ್ಲದ ಗದ್ದೆಗೂ ಇವರು ವರ್ಷ ತಪ್ಪದೆ ಬಯಕೆ ಊಟ ಹೊತ್ತುಕೊಂಡು ಹೋಗುತ್ತಾರೆ. ಹೋಳಿಗೆ ತಿನ್ನುವ ಮಗುವಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಲಾರಿ ಹತ್ತುವಾಗ ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರೆದುರು ಮೈಕು ಹಿಡಿದು ಕೂತರೆ ‘ನಂಗೇನ್ ಗೊತ್ತು ಮಾರಾಯ’ ಎಂದು ಸುಮ್ಮನಾಗುತ್ತಾರೆ. ಕೈಯಲ್ಲಿ ಸೊಪ್ಪಿನ ಕಟ್ಟು ಇಟ್ಟು ನೋಡಿ. ಯಾರ ಹಿತ್ತಲಲ್ಲಿ ಯಾವ ಅಮಟೆ ಮರವಿತ್ತು, ಯಾವ ಗದ್ದೆಗೆ ಮೊದಲು ನೀರು ನುಗ್ಗಿತು ಎಲ್ಲವೂ ತಾನಾಗಿ ಬರುತ್ತದೆ. ಕೈಗೆ ಕೆಲಸವಿದ್ದಾಗ ಹಿರಿಯರ ನೆನಪು ಸರಾಗ ಎಂಬುದು ನಮ್ಮ ಮನೆಯಲ್ಲಿ ನಾನು ಕಂಡದ್ದು.

ನಮ್ಮಲ್ಲಿ ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಸೊಪ್ಪಿನ ಹೆಸರು, ಎಲ್ಲಿ ಸಿಕ್ಕಿತು, ಯಾರು ಹೇಳಿಕೊಟ್ಟರು. ಸಿಗದೆ ಹೋದವಕ್ಕೆ ಬೇರೆ ಪುಟ. ಕೊನೆಯಲ್ಲಿ ಮುಳುಗಿದ ಊರುಗಳ ಹೆಸರು, ಆಚೀಚೆ ಮನೆಯವರು ಚದುರಿ ಹೋದ ಊರುಗಳು, ಹಕ್ಕುಪತ್ರಕ್ಕೆ ಅಜ್ಜ ಕೊಟ್ಟ ಅರ್ಜಿಯ ನಕಲು. ಸಾಗರ, ಹೊಸನಗರ, ಶಿವಮೊಗ್ಗದ ಮುಳುಗಡೆ ಮನೆಗಳೆಲ್ಲ ಈ ಸಲದ ಭೂಮಿ ಹುಣ್ಣಿಮೆಗೆ ಇಂಥದೊಂದು ಪುಸ್ತಕ ಶುರು ಮಾಡಲಿ. ಅಜ್ಜಿಯರು ಹೇಳಲಿ, ಮಕ್ಕಳು ಬರೆಯಲಿ, ಬುಟ್ಟಿ ಹೊರುವ ಗಂಡಸರು ಹಿಂದಿನ ದಿನ ಸೊಪ್ಪು ಕೊಯ್ಯುವುದಕ್ಕೂ ಜೊತೆಗೆ ಹೋಗಲಿ.