ಪರದೆ ತಡವರಿಸಿದರೆ ನೆಟ್ ಒಂದನ್ನೇ ದೂರಬೇಡಿ

ಮನೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರ್ ಬಳಸುವವರ ನಿತ್ಯದ ದೂರು ‘ನೆಟ್ ಸ್ಲೋ’ ಎನ್ನುವುದು. ಟೈಪ್ ಮಾಡಿದ ಅಕ್ಷರ ತುಸು ಹೊತ್ತು ಬಿಟ್ಟು ಮೂಡುತ್ತದೆ. ಸ್ಕ್ರೋಲ್ ಮಾಡಿದರೆ ಪುಟ ಚೌಕ ಚೌಕವಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಐ.ಟಿ. ವಿಭಾಗಕ್ಕೆ ಫೋನ್ ಮಾಡಿದರೆ ಇನ್ನೂ ದೊಡ್ಡ ಪ್ಲ್ಯಾನ್ ಹಾಕಿಸಿಕೊಳ್ಳಿ ಎಂಬ ಸಲಹೆ ಬರುತ್ತದೆ. ಪ್ಲ್ಯಾನ್ ಬದಲಾದರೂ ತಡವರಿಕೆ ಹಾಗೇ ಇದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಪರದೆಯ ಮೇಲೆ ಏನು ಬದಲಾಯಿತು ಎಂಬುದು ಅದನ್ನು ಕಳುಹಿಸುವ ತಂತ್ರಾಂಶಕ್ಕೇ ಸರಿಯಾಗಿ ಗೊತ್ತಾಗದಿರುವುದು ಅಂಥ ಒಂದು ಕಾರಣ. ಗೊತ್ತಾದದ್ದನ್ನು ಅದು ಯಾವಾಗ ಕಳುಹಿಸುತ್ತದೆ ಎಂಬುದು ಇನ್ನೊಂದು.

1920x1080 ಅಳತೆಯ ಪರದೆಯ ಒಂದು ಪೂರ್ಣ ಚಿತ್ರ, ಕುಗ್ಗಿಸದೆ ಇಟ್ಟರೆ, ಸುಮಾರು 8.3 ಮೆಗಾಬೈಟ್. ಸೆಕೆಂಡಿಗೆ 30 ಸಲ ಕಳುಹಿಸಿದರೆ 2 ಗಿಗಾಬಿಟ್ ಹತ್ತಿರವಾಗುತ್ತದೆ. ಮನೆಯ ಸಾಮಾನ್ಯ ಸಂಪರ್ಕಕ್ಕೆ ಇದು ಹೊರಲಾಗದ ಹೊರೆ. ಆದರೆ ಕಚೇರಿ ಕೆಲಸದಲ್ಲಿ ಪರದೆಯ ಬಹುಭಾಗ ಇದ್ದಂತೆಯೇ ಇರುತ್ತದೆ. ಒಂದು ಕೀ ಒತ್ತಿದರೆ ಬದಲಾಗುವುದು ಒಂದಕ್ಷರದಷ್ಟು ಜಾಗ, ಜೊತೆಗೆ ಮಿನುಗುವ ಗೀಟು. ಅಷ್ಟನ್ನೇ ಗುರುತಿಸಿ ಕಳುಹಿಸಿದರೆ ಹಳೆಯ ಫೋನ್ ಲೈನಿನ ಮೇಲೂ ಕೆಲಸ ಸಾಗುತ್ತದೆ.

ಕೇಂಬ್ರಿಜ್‌ನ ಆಲಿವೆಟ್ಟಿ ಪ್ರಯೋಗಾಲಯದಲ್ಲಿ ಆ್ಯಂಡಿ ಹಾಪರ್ ಮತ್ತು ಸಂಗಡಿಗರು 1998ರ ಹೊತ್ತಿಗೆ ಜಗತ್ತಿನ ಮುಂದಿಟ್ಟ ವಿಎನ್‌ಸಿ ಎಂಬ ದೂರದ ಪರದೆಯ ತಂತ್ರಾಂಶ ಇದೇ ತತ್ವದ ಮೇಲೆ ನಿಂತಿದೆ. ಅದರ ಸಂದೇಶಗಳಲ್ಲಿ ನನಗೆ ಅತಿ ಚೆಂದವೆನಿಸುವುದು ‘ಕಾಪಿರೆಕ್ಟ್’. ಕಿಟಕಿಯೊಂದನ್ನು ಎಳೆದು ಪಕ್ಕಕ್ಕಿಟ್ಟರೆ ಆ ಚಿತ್ರವನ್ನು ಮತ್ತೆ ಕಳುಹಿಸುವ ಅಗತ್ಯವಿಲ್ಲ. ಅದು ಆಗಲೇ ನಿಮ್ಮ ಪರದೆಯ ಮೇಲಿದೆ. ‘ಅಲ್ಲಿರುವ ಆಯತವನ್ನು ಇಲ್ಲಿಗೆ ನಕಲಿಸು’ ಎಂದರೆ ಸಾಕು, ಲಕ್ಷಾಂತರ ಚುಕ್ಕಿಗಳ ಕೆಲಸ ಕೆಲವೇ ಬೈಟುಗಳಲ್ಲಿ ಮುಗಿಯುತ್ತದೆ.

ವಿಎನ್‌ಸಿಯ ಮತ್ತೊಂದು ನಿಯಮ, ಕೇಳಿದರಷ್ಟೇ ಬಡಿಸುವುದು. ನೋಡುವ ಕಡೆಯಿಂದ ಬೇಡಿಕೆ ಬಂದ ಮೇಲೆಯೇ ಆ ಕಡೆಯ ಯಂತ್ರ ಬದಲಾವಣೆ ಕಳುಹಿಸುತ್ತದೆ. ಸಂಪರ್ಕ ನಿಧಾನವಾಗಿದ್ದರೆ ಬೇಡಿಕೆಯೂ ತಡವಾಗಿ ಬರುತ್ತದೆ, ನಡುವಿನ ಚಿತ್ರಗಳನ್ನು ಬಿಟ್ಟು ಕೊನೆಯ ಸ್ಥಿತಿ ಮಾತ್ರ ಹೋಗುತ್ತದೆ. ಹೀಗಾಗಿ ದಾರಿಯಲ್ಲಿ ಹಳಸಲು ಚಿತ್ರಗಳು ಸಾಲುಗಟ್ಟುವುದಿಲ್ಲ. ಒಳ್ಳೆಯ ಉಪಾಯವೇ, ಆದರೆ ದೂರ ಹೆಚ್ಚಿದಂತೆ ತಿರುಗಿ ಬೀಳುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿ ನೇರ ದಾರಿಯಲ್ಲೇ ಸುಮಾರು 14,000 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಸುತ್ತುಬಳಸಿನ ಕೇಬಲ್‌ಗಳಲ್ಲಿ ಅದು 200 ದಾಟುತ್ತದೆ. ಒಂದು ಉತ್ತರ ತಲುಪಿದ ಮೇಲೆ ಇನ್ನೊಂದು ಬೇಡಿಕೆ ಎಂದಾದರೆ ಸೆಕೆಂಡಿಗೆ ಐದು ಚಿತ್ರವೇ ಗರಿಷ್ಠ. ಇಲ್ಲಿ 100 ಎಂಬಿಪಿಎಸ್ ಇದ್ದರೂ ಅಷ್ಟೇ, 1,000 ಇದ್ದರೂ ಅಷ್ಟೇ. ಕೇಳುವವರೆಗೆ ಕಾಯದೆ ಕಳುಹಿಸುತ್ತಲೇ ಇರುವ ಸೌಲಭ್ಯವನ್ನು ಟೈಗರ್‌ವಿಎನ್‌ಸಿಯಂಥ ವಿಎನ್‌ಸಿ ತಂತ್ರಾಂಶಗಳು ಆಮೇಲೆ ಸೇರಿಸಿಕೊಂಡದ್ದು ಈ ಕಾರಣಕ್ಕೇ.

ಇನ್ನು ಗುರುತಿಸುವ ಸಮಸ್ಯೆ. ಮೈಕ್ರೊಸಾಫ್ಟ್‌ನ ಆರ್‌ಡಿಪಿ ಎಂಬ ದೂರದ ಡೆಸ್ಕ್‌ಟಾಪ್ ವ್ಯವಸ್ಥೆ ಆರಂಭದಲ್ಲಿ ಚುಕ್ಕಿಗಳಿಗಿಂತ ಆಜ್ಞೆಗಳನ್ನು ನೆಚ್ಚಿತ್ತು: ಇಲ್ಲಿ ಗೆರೆ ಎಳೆ, ಈ ಅಕ್ಷರ ಇಡು, ಆಗಲೇ ಕಳುಹಿಸಿದ ಆ ಐಕಾನ್ ತೆಗೆದು ಹಾಕು. ಅಂದಿನ ತಂತ್ರಾಂಶಗಳು ವಿಂಡೋಸ್‌ ಕೈಯಲ್ಲೇ ಚಿತ್ರ ಬರೆಸುತ್ತಿದ್ದುದರಿಂದ ಅದು ನಡೆಯಿತು. ಇಂದಿನ ಬ್ರೌಸರ್ ತನ್ನ ಪುಟವನ್ನು ಗ್ರಾಫಿಕ್ಸ್ ಚಿಪ್‌ನಲ್ಲಿ ತಾನೇ ಬರೆದು, ಮುಗಿದ ಚಿತ್ರವನ್ನು ಮಾತ್ರ ಒಪ್ಪಿಸುತ್ತದೆ. ಒಳಗೆ ಸರಿದದ್ದು ಎರಡು ಸಾಲೋ ಇಡೀ ಪುಟವೋ, ಹೊರಗಿನವರಿಗೆ ತಿಳಿಯುವುದು ಕಷ್ಟ. 2012ರ ವಿಂಡೋಸ್ 8 ಈ ಕೊರತೆ ತುಂಬಲೆಂದು ಬದಲಾದ ಆಯತಗಳ ಮತ್ತು ಸ್ಥಳಾಂತರಗೊಂಡ ಆಯತಗಳ ಪಟ್ಟಿಯನ್ನು ತಾನೇ ಕೊಡತೊಡಗಿತು. ಲಿನಕ್ಸ್‌ ಲೋಕದ ಎಕ್ಸ್‌11 ಎಂಬ ಪರದೆ ವ್ಯವಸ್ಥೆಯಲ್ಲಿ, ಬದಲಾದ ಜಾಗವನ್ನು ತಿಳಿಸುವ ‘ಡ್ಯಾಮೇಜ್’ ಎಂಬ ಸೌಲಭ್ಯ ಅದಕ್ಕಿಂತ ಮೊದಲೇ ಇತ್ತು. ಅದೂ ಇಲ್ಲದ ಕಡೆ ಎಕ್ಸ್‌11ವಿಎನ್‌ಸಿ ಎಂಬ ತಂತ್ರಾಂಶ 32 ಸಾಲಿಗೊಂದು ಸಾಲು ಓದಿ, ಹಳೆಯ ಪ್ರತಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡಲ್ಲಿ ಮಾತ್ರ ಸುತ್ತಮುತ್ತ ಕೆದಕುತ್ತದೆ. ಜಾಣತನವೇನೋ ಹೌದು, ಚಿತ್ರ ಬರೆದ ತಂತ್ರಾಂಶವನ್ನೇ ಕೇಳಿದ್ದರೆ ಒಂದೇ ಮಾತಿನಲ್ಲಿ ಸಿಗುತ್ತಿದ್ದ ಉತ್ತರಕ್ಕೆ ಇಷ್ಟು ಪಾಡು.

ಗುರುತು ಸಿಗದಿದ್ದಾಗ ಹಲವು ತಂತ್ರಾಂಶಗಳು ಪರದೆಯನ್ನು ವಿಡಿಯೊದಂತೆ ಕುಗ್ಗಿಸಿ ಕಳುಹಿಸುತ್ತವೆ. ಸಿನಿಮಾಕ್ಕೆ ಅದು ಒಗ್ಗುತ್ತದೆ, ಅಕ್ಷರಗಳಿಗೆ ಒಗ್ಗುವುದಿಲ್ಲ. ಈ ವಿಧಾನದಲ್ಲಿ ಸಾಮಾನ್ಯವಾಗಿ ಬಣ್ಣದ ವಿವರವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಉಳಿಸಿಕೊಳ್ಳುವುದರಿಂದ, ನೀಲಿ ಹಿನ್ನೆಲೆಯ ಕೆಂಪು ಅಕ್ಷರದ ಅಂಚು ಕದಡುತ್ತದೆ. ಕನ್ನಡ ಓದುವವರಿಗೆ ಪೆಟ್ಟು ಇನ್ನೂ ಹೆಚ್ಚು. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಬೇರೆಯಾಗುವುದು ಪುಟ್ಟದೊಂದು ಸೀಳಿನಿಂದ. ಸಣ್ಣ ಅಕ್ಷರದಲ್ಲಿ ಅಳಿಸಿಹೋಗುವುದು ಅದೇ ಸೀಳು.

ನಮ್ಮ ಸರ್ಕಾರಿ ಜಾಲತಾಣಗಳ ತಲೆಯ ಮೇಲೆ ಎಡಬಿಡದೆ ಸರಿಯುವ ಸೂಚನೆಯ ಸಾಲನ್ನೂ, ಪಕ್ಕದಲ್ಲಿ ಮಿಣಮಿಣ ಎನ್ನುವ ‘ಹೊಸತು’ ಚಿಹ್ನೆಯನ್ನೂ ಇಲ್ಲಿ ನೆನೆಯಬೇಕು. ಅಂಥ ಪುಟ ದೂರದ ಪರದೆಯ ಮೇಲೆ ತೆರೆದಿದ್ದರೆ, ಯಾರೂ ಓದದಿದ್ದಾಗಲೂ ಸೆಕೆಂಡಿಗೆ ಹತ್ತಾರು ‘ಬದಲಾವಣೆ’ಗಳು ಹೊರಡುತ್ತಿರುತ್ತವೆ. ಅದಕ್ಕೆ ಎಷ್ಟು ವೇಗದ ಸಂಪರ್ಕ ಕೊಟ್ಟರೂ ದಂಡ.

ದೂರದ ಡೆಸ್ಕ್‌ಟಾಪ್‌ಗಾಗಿ ಟೆಂಡರ್ ಬರೆಯುವ ಕಚೇರಿಗಳು ಎಂಬಿಪಿಎಸ್ ಅಂಕಿಯ ಜೊತೆಗೆ ಇನ್ನೆರಡು ಷರತ್ತು ಸೇರಿಸಲಿ: ಕೀ ಒತ್ತಿದ ಗಳಿಗೆಯಿಂದ ಅಕ್ಷರ ಮೂಡುವವರೆಗಿನ ವಿಳಂಬ ಎಷ್ಟು ಮಿಲಿಸೆಕೆಂಡ್ ಮೀರಬಾರದು, ಕನ್ನಡದ ಸಣ್ಣ ಅಕ್ಷರ ಬಣ್ಣದ ಹಿನ್ನೆಲೆಯಲ್ಲೂ ಓದಲು ಬರುತ್ತದೆಯೇ. ಎರಡನ್ನೂ ಹಣ ಪಾವತಿಸುವ ಮೊದಲು, ಮಾರಾಟಗಾರರ ಎದುರೇ, ಅದನ್ನು ದಿನವೂ ಬಳಸಬೇಕಾದ ಗುಮಾಸ್ತರ ಕೈಯಲ್ಲಿ ಪರೀಕ್ಷಿಸಲಿ.