ರಕ್ತ ಪರೀಕ್ಷೆ: ಎಲ್ಲರಿಗೂ ಒಂದೇ ‘ನಾರ್ಮಲ್’ ಇದೆಯೇ?

ರಕ್ತ ಪರೀಕ್ಷೆಯ ‘ನಾರ್ಮಲ್’ ಅಂಕಿಗಳ ಪಟ್ಟಿ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಎಲ್ಲರಿಗೂ ಒಂದೇ ಅಂಕಿ ಕೊಡುವ ಪಟ್ಟಿಯಾದರೆ ನಂಬಬೇಡಿ.

ಕಾಡುಪ್ರಾಣಿಗಳಿಗೂ ಹಾಗೆ ಒಂದೇ ಅಳತೆ ಹಿಡಿಯುವುದಿಲ್ಲ. ದಕ್ಷಿಣ ಅಮೆರಿಕದ ಕ್ಯಾಪಿಬರಾ ಇಲಿ, ಅಳಿಲುಗಳ ಗುಂಪಿನಲ್ಲೇ ಅತಿ ದೊಡ್ಡ ಪ್ರಾಣಿ. ಇಂಥ ಪ್ರಾಣಿಯ ರಕ್ತದ ಫಲಿತಾಂಶ ಓದುವಾಗ ಅದು ಮರಿಯೋ ದೊಡ್ಡದೋ, ಗಂಡೋ ಹೆಣ್ಣೋ ಎಂಬುದು ಮುಖ್ಯ. ಮೂಳೆ ಬೆಳೆಯುವಾಗ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚು ತಯಾರಾಗುತ್ತದೆ. ಹಾಗಾಗಿ ಮರಿಗಳಲ್ಲಿ ಅದು ಹೆಚ್ಚಿದ್ದರೆ ಕಾಯಿಲೆ ಎಂದರ್ಥವಲ್ಲ. ಹಿಡಿದಾಗಿನ ಗಾಬರಿಗೂ ರಕ್ತದ ಸಕ್ಕರೆ ಏರಬಹುದು.

ಮನುಷ್ಯರಲ್ಲೂ ಅಷ್ಟೇ. ಬೆಳೆಯುವ ಮಕ್ಕಳಲ್ಲಿ ಇದೇ ಕಿಣ್ವ ಸಹಜವಾಗಿಯೇ ಹೆಚ್ಚಿರುತ್ತದೆ. ಅದನ್ನು ದೊಡ್ಡವರ ಅಂಕಿಗೆ ಹೋಲಿಸಿದರೆ ಮಗುವಿನ ಲಿವರ್ ಕೆಟ್ಟಿದೆ ಎಂಬ ಭಯ ಹುಟ್ಟುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ ವಯಸ್ಕ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಂದರೆ 12.5 ಹೆಂಡತಿಗೆ ಸರಿ, ಗಂಡನಿಗೆ ಕಡಿಮೆ.

ಆದ್ದರಿಂದ ಫಾರ್ವರ್ಡ್ ಪಟ್ಟಿ ಬಿಡಿ. ನಿಮ್ಮ ರಿಪೋರ್ಟಿನಲ್ಲೇ ಅಚ್ಚಾಗಿರುವ ಮಿತಿ ನಿಮ್ಮ ವಯಸ್ಸು, ಲಿಂಗಕ್ಕೆ ಹೊಂದುತ್ತದೆಯೇ ನೋಡಿ, ಅನುಮಾನವಿದ್ದರೆ ವೈದ್ಯರನ್ನು ಕೇಳಿ.